ಅಧ್ಯಾಯದ ಕೊನೆಯ ಪುಟ ಮೊದಲು

ಭಾಷಾವಿಜ್ಞಾನದ ಹೊಸ ಪಠ್ಯಪುಸ್ತಕ ಯಾವುದೇ ಕೈಗೆ ಬರಲಿ, ನಾನು ಮುನ್ನುಡಿ ಓದುವುದಿಲ್ಲ. ಪರಿವಿಡಿಯನ್ನೂ ನೋಡುವುದಿಲ್ಲ. ಸೀದಾ ನಡುವಿನ ಯಾವುದಾದರೂ ಅಧ್ಯಾಯದ ಕೊನೆಗೆ ಹೋಗುತ್ತೇನೆ. ಅಲ್ಲಿರುವ ಅಭ್ಯಾಸದ ಪ್ರಶ್ನೆಗಳನ್ನು ಓದುತ್ತೇನೆ. ಪುಸ್ತಕದ ಜಾತಕ ಅಲ್ಲೇ ಇರುತ್ತದೆ.

ಒಂದು ಬಗೆಯ ಪುಸ್ತಕದಲ್ಲಿ ಪ್ರಶ್ನೆ ಹೀಗಿರುತ್ತದೆ: ‘ಫೋನೀಮ್ ಎಂದರೇನು? ಉದಾಹರಣೆಯೊಂದಿಗೆ ವಿವರಿಸಿ.’ (ಫೋನೀಮ್ ಅಂದರೆ ಒಂದು ಭಾಷೆಯಲ್ಲಿ ಪದದ ಅರ್ಥ ಬದಲಿಸಬಲ್ಲ ಧ್ವನಿ.) ಓದುವ ಹುಡುಗಿ ನಾಲ್ಕು ಪುಟ ಹಿಂದೆ ಹೋಗುತ್ತಾಳೆ. ದಪ್ಪ ಅಕ್ಷರದಲ್ಲಿರುವ ಒಂದು ವಾಕ್ಯ ಸಿಗುತ್ತದೆ. ಅದನ್ನು ಇಳಿಸಿಕೊಳ್ಳುತ್ತಾಳೆ, ಕೆಳಗಿರುವ ಉದಾಹರಣೆಯನ್ನೂ ಹಾಗೇ ಇಳಿಸಿಕೊಳ್ಳುತ್ತಾಳೆ. ಪೂರ್ತಿ ಅಂಕ. ಫೋನೀಮ್ ಅಂದರೆ ಏನು ಅಂತ ಅವಳಿಗೆ ಗೊತ್ತಾಯಿತೋ ಇಲ್ಲವೋ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಇನ್ನೊಂದು ಬಗೆಯ ಪುಸ್ತಕ ಒಂದು ಹಿಡಿ ಪದಗಳನ್ನು ಮುಂದೆ ಸುರಿಯುತ್ತದೆ. ಪಕ್ಕದಲ್ಲಿ ಅರ್ಥ. ‘ಇದರಲ್ಲಿ ಯಾವ ತುಣುಕು ಯಾವ ಕೆಲಸ ಮಾಡುತ್ತಿದೆ, ಹೇಳಿ’ ಅಂತ ಕೇಳಿ ಸುಮ್ಮನಾಗುತ್ತದೆ. ಹಿಂದೆ ತಿರುಗಿಸಿದರೆ ಉತ್ತರ ಎಲ್ಲೂ ಇಲ್ಲ. ಪೆನ್ಸಿಲ್ ಹಿಡಿದು ಕೂರಲೇಬೇಕು.

ಹಲವು ವರ್ಷಗಳಿಂದ ಪದವಿ ತರಗತಿಗಳಿಗೆ ಈ ವಿಷಯ ಪಾಠ ಮಾಡುತ್ತಿದ್ದೇನೆ. ಪ್ರತಿ ವರ್ಷವೂ ಯಾರಾದರೂ ಒಬ್ಬರು ‘ಯಾವ ಪುಸ್ತಕ ತಗೊಳ್ಳಲಿ’ ಅಂತ ಕೇಳುತ್ತಾರೆ. ಒಂದು ಹೆಸರು ಹೇಳಿ ಕಳಿಸಬಹುದು. ಆದರೆ ಸಿಲೆಬಸ್ ಬದಲಾಗುತ್ತದೆ, ಪುಸ್ತಕಗಳೂ ಬದಲಾಗುತ್ತವೆ. ಪುಸ್ತಕವನ್ನು ತೂಗಿ ನೋಡುವುದು ಹೇಗೆ ಅಂತ ಹೇಳಿದರೆ ಜಾಸ್ತಿ ಉಪಯೋಗ ಅನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಬಗೆಯದನ್ನು ಒಣ ಪುಸ್ತಕ ಅನ್ನೋಣ. ಅದರ ಮೊದಲ ಅಧ್ಯಾಯ ಯಾವಾಗಲೂ ಒಂದೇ. ‘ಭಾಷೆ ಎಂದರೇನು?’ ಅದರ ಕೆಳಗೆ ಐದಾರು ವಿದ್ವಾಂಸರ ಐದಾರು ವ್ಯಾಖ್ಯೆಗಳು. ಆಮೇಲೆ ಅಮೆರಿಕದ ಭಾಷಾವಿಜ್ಞಾನಿ ಹಾಕೆಟ್ 1960ರಲ್ಲಿ ಕೊಟ್ಟ ಭಾಷೆಯ 13 ಲಕ್ಷಣಗಳ ಪಟ್ಟಿ. ಆಮೇಲೆ ಆಹಾರ ಎಲ್ಲಿದೆ ಅಂತ ಗೂಡಿನವರಿಗೆ ತಿಳಿಸುವ ಜೇನ್ನೊಣದ ಕುಣಿತಕ್ಕೆ ಅರ್ಧ ಪುಟ. ಹಾಕೆಟ್‌ನ ಪಟ್ಟಿ ಕೆಟ್ಟದ್ದಲ್ಲ, ನಿಜ ಹೇಳಬೇಕೆಂದರೆ ತುಂಬ ಜಾಣತನದ ಪಟ್ಟಿ. ಬೇರೆ ಬೇರೆ ಪ್ರಾಣಿಗಳ ಸಂಪರ್ಕವನ್ನು ಮನುಷ್ಯನ ಮಾತಿನ ಪಕ್ಕದಲ್ಲಿಟ್ಟು ಎಲ್ಲಿ ಸೇರುತ್ತವೆ, ಎಲ್ಲಿ ಬೇರೆಯಾಗುತ್ತವೆ ಅಂತ ಒಂದೊಂದಾಗಿ ನೋಡಲು ಮಾಡಿದ್ದು. ಪಠ್ಯಪುಸ್ತಕಕ್ಕೆ ಬರುವ ಹೊತ್ತಿಗೆ ಆ ಹೋಲಿಕೆ ಉದುರಿಹೋಗಿ ಬಾಯಿಪಾಠ ಮಾಡುವ 13 ಹೆಸರು ಮಾತ್ರ ಉಳಿದಿರುತ್ತವೆ. ಜೇನ್ನೊಣಕ್ಕೆ ಸುಳ್ಳು ಹೇಳಲು ಬರುತ್ತದಾ ಅಂತ ಒಂದು ಪ್ರಶ್ನೆ ಹಾಕಿದ್ದರೂ ತರಗತಿ ಎದ್ದು ಕೂರುತ್ತಿತ್ತು.

ನನ್ನ ಕೈಯಲ್ಲಿದ್ದರೆ ಆ ಅಧ್ಯಾಯವನ್ನು ಪುಸ್ತಕದ ಕೊನೆಗೆ ಹಾಕುತ್ತಿದ್ದೆ. ಭಾಷೆ ಎಂದರೇನು ಅನ್ನುವುದು ಒಂದು ವರ್ಷ ಭಾಷೆಯ ಜೊತೆ ಗುದ್ದಾಡಿದ ಮೇಲೆ ಕೇಳಬೇಕಾದ ಪ್ರಶ್ನೆ. ಮೊದಲ ವಾರ ಕೇಳಿದರೆ ಯಾರದೋ ಉತ್ತರ ಒಪ್ಪಿಸುವುದು ಬಿಟ್ಟು ಬೇರೆ ದಾರಿ ಇಲ್ಲ.

ಈಗ ಧ್ವನಿಯ ಅಧ್ಯಾಯಕ್ಕೆ ಬರೋಣ. ಪುಸ್ತಕಗಳು ನಿಜವಾಗಿ ಸೋಲುವುದೂ ಗೆಲ್ಲುವುದೂ ಇಲ್ಲಿ.

ಇಂಗ್ಲಿಷ್‌ನಲ್ಲಿ ಬರೆದ ಪಠ್ಯಪುಸ್ತಕಗಳಲ್ಲಿ ಒಂದು ಪ್ರಸಿದ್ಧ ಪ್ರಯೋಗ ಇದೆ. ಒಂದು ತೆಳು ಕಾಗದವನ್ನು ತುಟಿಯ ಮುಂದೆ ಹಿಡಿಯಿರಿ. ‘ಪಿನ್’ ಅನ್ನಿ. ಕಾಗದ ಅಲ್ಲಾಡುತ್ತದೆ. ‘ಸ್ಪಿನ್’ ಅನ್ನಿ. ಅಲ್ಲಾಡುವುದಿಲ್ಲ. ನೋಡಿದಿರಾ, ಒಂದೇ ಫೋನೀಮ್‌ಗೆ ಎರಡು ರೂಪ, ಒಂದರಲ್ಲಿ ಉಸಿರು ಹೊರಗೆ ನುಗ್ಗುತ್ತದೆ, ಇನ್ನೊಂದರಲ್ಲಿ ಇಲ್ಲ. ಲಂಡನ್‌ನಲ್ಲೋ ನ್ಯೂಯಾರ್ಕ್‌ನಲ್ಲೋ ಬೆಳೆದವರ ಬಾಯಲ್ಲಿ ಇದು ಅಚ್ಚುಕಟ್ಟಾಗಿ ಕೆಲಸ ಮಾಡುತ್ತದೆ.

ಕನ್ನಡದವರ ಬಾಯಲ್ಲಿ ಮಾಡಿ ನೋಡಿ. ನಾವು ‘ಪಿನ್’ ಅನ್ನುವುದು ‘ಪಿಳಿಪಿಳಿ’ಯ ‘ಪಿ’ ಹಾಕಿ. ಅದರಲ್ಲಿ ಅಷ್ಟು ಉಸಿರು ಇರುವುದಿಲ್ಲ. ಕಾಗದ ಮೊದಲ ಸಲವೂ ಸುಮ್ಮನಿರುತ್ತದೆ, ಎರಡನೇ ಸಲವೂ ಸುಮ್ಮನಿರುತ್ತದೆ. ಆದರೆ ನೋಟ್‌ಬುಕ್ ತೆಗೆಸಿ ನೋಡಿ: ‘ಪಿನ್ ಎಂದಾಗ ಕಾಗದ ಅಲ್ಲಾಡಿತು’ ಅಂತಲೇ ಬರೆದಿರುತ್ತದೆ. ಪುಸ್ತಕ ಹಾಗೆ ಹೇಳಿದೆಯಲ್ಲ! ಕಣ್ಣೆದುರಿನ ಕಾಗದಕ್ಕಿಂತ ಅಚ್ಚಾದ ಕಾಗದದ ಮೇಲೆ ನಂಬಿಕೆ ಜಾಸ್ತಿ.

ನನಗೆ ಇದು ಸಣ್ಣ ವಿಷಯ ಅನಿಸುವುದಿಲ್ಲ. ಭಾಷಾವಿಜ್ಞಾನದ ಮೊದಲ ಪಾಠವೇ ‘ಕೇಳಿಸಿಕೊಂಡದ್ದನ್ನು ಕೇಳಿದ ಹಾಗೆ ಬರೆದುಕೊಳ್ಳಿ’ ಅನ್ನುವುದು. ಪುಸ್ತಕ ತನ್ನ ಮೊದಲ ಪ್ರಯೋಗದಲ್ಲೇ ವಿದ್ಯಾರ್ಥಿಗೆ ತನ್ನ ಕಿವಿಯನ್ನು ನಂಬಬೇಡ ಅಂತ ಕಲಿಸಿಬಿಟ್ಟರೆ, ಮುಂದಿನ ಮುನ್ನೂರು ಪುಟದಲ್ಲಿ ಅದನ್ನು ಸರಿಮಾಡುವುದು ಕಷ್ಟ. ಒಂದೇ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು: ‘ನಿಮ್ಮ ಕಾಗದ ಅಲ್ಲಾಡದಿದ್ದರೆ ಯಾಕೆ ಅಂತ ಯೋಚಿಸಿ.’ ಆಗ ಇದೇ ಪ್ರಯೋಗ ಇನ್ನೂ ಒಳ್ಳೆಯ ಪಾಠ ಆಗುತ್ತಿತ್ತು. ಒಂದೇ ಪದ, ಇಬ್ಬರ ಬಾಯಿ, ಎರಡು ಲೆಕ್ಕ.

ಇದೇ ವಿಷಯಕ್ಕೆ ಕನ್ನಡದ ಬಾಯಲ್ಲೇ ಒಂದು ಅದ್ಭುತ ಉದಾಹರಣೆ ಇದೆ. ಅಂಕ, ಅಂಚು, ಅಂಟು, ಅಂದ, ಅಂಬು. ಬರೆಯುವಾಗ ಐದರಲ್ಲೂ ಅದೇ ಸೊನ್ನೆ. ಈಗ ನಿಧಾನವಾಗಿ ಹೇಳುತ್ತಾ ನಾಲಿಗೆ ಎಲ್ಲಿದೆ ನೋಡಿ. ‘ಅಂಕ’ದಲ್ಲಿ ನಾಲಿಗೆಯ ಹಿಂಭಾಗ ಮೇಲೇಳುತ್ತದೆ. ‘ಅಂಟು’ವಿನಲ್ಲಿ ತುದಿ ಹಿಂದಕ್ಕೆ ಮಡಚುತ್ತದೆ. ‘ಅಂದ’ದಲ್ಲಿ ಹಲ್ಲಿಗೆ ತಾಗುತ್ತದೆ. ‘ಅಂಬು’ವಿಗೆ ನಾಲಿಗೆಯ ಅಗತ್ಯವೇ ಇಲ್ಲ, ತುಟಿ ಸಾಕು. ಒಂದನೇ ತರಗತಿಯಿಂದ ಒಂದೇ ಸೊನ್ನೆ ಬರೆದವರು ಬಾಯೊಳಗೆ ಐದು ಬೇರೆ ಬೇರೆ ಕೆಲಸ ಮಾಡುತ್ತಿದ್ದರು, ಯಾರಿಗೂ ಗೊತ್ತೇ ಇರಲಿಲ್ಲ. ಇದನ್ನು ಮಾಡಿಸಿದಾಗ ತರಗತಿಯಲ್ಲಿ ಒಂದು ಗುಜುಗುಜು ಏಳುತ್ತದೆ. ಎಲ್ಲರೂ ತಮ್ಮಷ್ಟಕ್ಕೆ ಅಂಕ ಅಂಚು ಅಂಟು ಅಂದುಕೊಳ್ಳುತ್ತಿರುತ್ತಾರೆ. ‘ಮೂಗಿನ ಧ್ವನಿ ಪಕ್ಕದ ವ್ಯಂಜನದ ಜಾಗಕ್ಕೆ ಹೊಂದಿಕೊಳ್ಳುತ್ತದೆ’ ಅನ್ನುವ ನಿಯಮವನ್ನು ಆಮೇಲೆ ಹೇಳಿದರೆ ಅದಕ್ಕೆ ಕೂರಲು ಜಾಗ ಸಿದ್ಧವಾಗಿರುತ್ತದೆ. ಎಷ್ಟೋ ಸಲ ನಾನು ಹೇಳುವ ಮೊದಲೇ ಯಾರೋ ಹೇಳಿಬಿಡುತ್ತಾರೆ.

ಒಂದೇ ಧ್ವನಿಯ ವ್ಯತ್ಯಾಸದಿಂದ ಅರ್ಥ ಬದಲಿಸುವ ಜೋಡಿಗಳೂ ಹಾಗೇ. ಹಲ್ಲಿ–ಹಳ್ಳಿ, ಮನೆ–ಮಣೆ, ಕತೆ–ಕತ್ತೆ. ಇಷ್ಟು ಕೈಗೆ ಸಿಗುವಾಗ ಯಾವುದೋ ಪುಸ್ತಕದಿಂದ ‘ಬ್ಯಾಟ್–ಪ್ಯಾಟ್’ ತಂದು ಕನ್ನಡದಲ್ಲಿ ಬರೆದ ಪಠ್ಯದೊಳಗೆ ಅಂಟಿಸುವುದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಪದರಚನೆಯ ಅಧ್ಯಾಯ ಇನ್ನೂ ಮಜಾ. ನನಗೆ ಅತಿ ಇಷ್ಟದ ಅಭ್ಯಾಸ ಒಂದಿದೆ, ಪುಸ್ತಕದ್ದಲ್ಲ, ನಾನೇ ಮಾಡಿಕೊಂಡದ್ದು. ಬೋರ್ಡಿನ ಮೇಲೆ ಇಷ್ಟು ಬರೆಯುತ್ತೇನೆ: ಮನೆಗೆ, ನದಿಗೆ, ಊರಿಗೆ, ಕಾಡಿಗೆ, ಮರಕ್ಕೆ, ಕೆಲಸಕ್ಕೆ. ಇಲ್ಲಿ ‘ಗೆ’, ‘ಇಗೆ’, ‘ಕ್ಕೆ’ ಮೂರೂ ಒಂದೇ ಕೆಲಸ ಮಾಡುತ್ತಿವೆ. ಯಾವುದು ಯಾವಾಗ ಬರುತ್ತದೆ?

ಐದು ನಿಮಿಷದಲ್ಲಿ ನಿಯಮ ಸಿದ್ಧ. ಪದದ ಕೊನೆಗೆ ‘ಎ’ ಅಥವಾ ‘ಇ’ ಇದ್ದರೆ ‘ಗೆ’. ‘ಉ’ ಇದ್ದರೆ ಅದು ಬಿದ್ದುಹೋಗಿ ‘ಇಗೆ’. ‘ಅ’ ಇದ್ದರೆ ‘ಕ್ಕೆ’. ಎಲ್ಲರಿಗೂ ಖುಷಿ. ಒಣ ಪುಸ್ತಕವಾದರೆ ಇಲ್ಲಿಗೆ ನಿಲ್ಲಿಸಿ ‘ಹೀಗೆ ಒಂದೇ ಆಕೃತಿಮಾಕ್ಕೆ (ಅರ್ಥ ಇರುವ ಅತಿ ಚಿಕ್ಕ ತುಣುಕಿಗೆ) ಹಲವು ರೂಪಗಳಿರುತ್ತವೆ’ ಅಂತ ಹೇಳಿ ಮುಂದೆ ಹೋಗುತ್ತದೆ.

ನಾನು ಎರಡು ಪದ ಸೇರಿಸುತ್ತೇನೆ. ಬಣ್ಣ. ಅಣ್ಣ.

ಬಣ್ಣಕ್ಕೆ ಸರಿ. ಅಣ್ಣಕ್ಕೆ? ಯಾರೂ ಹಾಗೆ ಹೇಳುವುದಿಲ್ಲ, ಅಣ್ಣನಿಗೆ ಅನ್ನಬೇಕು. ಎರಡೂ ಮುಗಿಯುವುದು ಒಂದೇ ಸದ್ದಿನಲ್ಲಿ. ಅಂದರೆ ಸದ್ದು ನೋಡಿ ಮಾಡಿದ ನಿಯಮ ಸಾಲುವುದಿಲ್ಲ, ಅರ್ಥವನ್ನೂ ನೋಡಬೇಕು. ಸರಿ, ಮನುಷ್ಯರಾದರೆ ‘ನಿಗೆ’, ಉಳಿದದ್ದಕ್ಕೆ ‘ಕ್ಕೆ’. ಮತ್ತೆ ಖುಷಿ.

ಆಗ ‘ಸೂರ್ಯ’ ಬರೆಯುತ್ತೇನೆ. ಸೂರ್ಯನಿಗೆ. ಚಂದ್ರನಿಗೆ. ಆದರೆ ನಕ್ಷತ್ರಕ್ಕೆ. ಆಕಾಶದಲ್ಲೇ ಇಬ್ಬರು ಅಣ್ಣನ ಗುಂಪಿಗೆ, ಉಳಿದವರೆಲ್ಲ ಮರದ ಗುಂಪಿಗೆ! ಇಲ್ಲಿಂದ ಜಗಳ ಶುರು. ಕೋಣಕ್ಕಾ, ಕೋಣನಿಗಾ? ಒಬ್ಬರು ಒಂದು ಅನ್ನುತ್ತಾರೆ, ಇನ್ನೊಬ್ಬರು ಇನ್ನೊಂದು. ಹಿಂದಿನ ಬೆಂಚಿನಿಂದ ‘ಕೋಣನ ಮುಂದೆ ಕಿನ್ನರಿ’ ಅಂತ ಗಾದೆ ತೂರಿಬರುತ್ತದೆ, ‘ಕೋಣದ ಮುಂದೆ’ ಅಂತ ಅಲ್ಲವಲ್ಲ ಅನ್ನುವ ವಾದ. ‘ಅದು’ ಪದಕ್ಕೆ ಕೊನೆಯಲ್ಲಿ ‘ಉ’ ಇದೆ, ಆದರೂ ಅದಿಗೆ ಅನ್ನುವುದಿಲ್ಲ, ಅದಕ್ಕೆ ಅನ್ನುತ್ತೇವೆ, ಯಾಕೆ ಅಂತ ಇನ್ನೊಬ್ಬರು. ಗಂಟೆ ಹೊಡೆದರೂ ಮುಗಿಯುವುದಿಲ್ಲ.

ಇದರಲ್ಲಿ ನಾನು ಹೇಳಿಕೊಟ್ಟದ್ದು ಬಹಳ ಕಡಿಮೆ. ಅವರೇ ನಿಯಮ ಕಟ್ಟಿದರು, ಅವರೇ ಮುರಿದರು, ಮತ್ತೆ ಕಟ್ಟಿದರು. ಭಾಷಾವಿಜ್ಞಾನಿಗಳು ದಿನಾ ಮಾಡುವ ಕೆಲಸ ಇದೇ ಅಲ್ವಾ? ಪಠ್ಯಪುಸ್ತಕ ಈ ಕೆಲಸದ ಫಲಿತಾಂಶವನ್ನು ಮಾತ್ರ ಕೊಡುತ್ತದೆ. ಕೆಲಸವನ್ನು ಕೊಡುವುದಿಲ್ಲ.

ಇದರ ಜೊತೆಗೇ ಇನ್ನೊಂದು ದೂರು. ಅಭ್ಯಾಸ ಕೊಡುವ ಪುಸ್ತಕಗಳಲ್ಲೂ ಅನೇಕವು ಉದಾಹರಣೆಗಳನ್ನು ತೊಳೆದು, ಒಗೆದು, ಇಸ್ತ್ರಿ ಮಾಡಿ ಕೊಡುತ್ತವೆ. ಹತ್ತು ಪದ, ಒಂದು ನಿಯಮ, ಹತ್ತಕ್ಕೂ ಕೂರುತ್ತದೆ. ಮೊದಲ ಎರಡು ಅಭ್ಯಾಸಕ್ಕೆ ಇದು ಬೇಕು, ಒಪ್ಪುತ್ತೇನೆ. ಆಮೇಲೂ ಹೀಗೇ ಮುಂದುವರಿದರೆ ವಿದ್ಯಾರ್ಥಿಗೆ ಭಾಷೆ ಅಂದರೆ ಹೀಗೇ ನುಣುಪಾಗಿ ಇರುತ್ತದೆ ಅನ್ನುವ ಭ್ರಮೆ ಬರುತ್ತದೆ. ಹಳಗನ್ನಡದ ‘ಪ’ ಹೊಸಗನ್ನಡದಲ್ಲಿ ‘ಹ’ ಆದದ್ದನ್ನೇ ತೆಗೆದುಕೊಳ್ಳಿ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪೆಸರ್ ಹೆಸರಾಯಿತು. ಇಷ್ಟು ಕೊಟ್ಟು ನಿಲ್ಲಿಸಬಹುದು. ಆದರೆ ಅದೇ ಪಟ್ಟಿಯಲ್ಲಿ ‘ಅಪ್ಪ’, ‘ತಂಪು’, ‘ಪುಸ್ತಕ’ ಇವನ್ನೂ ಇಡಿ. ಇವುಗಳ ‘ಪ’ ಯಾಕೆ ಉಳಿಯಿತು? ಒತ್ತಕ್ಷರವಾಗಿದ್ದರೆ ಉಳಿಯುತ್ತದೆ, ಮೂಗಿನ ಧ್ವನಿ ಆದಮೇಲೆ ಬಂದರೆ ಉಳಿಯುತ್ತದೆ. ‘ಪುಸ್ತಕ’ ಅನ್ನುವ ಪದದ ಕತೆಯೇ ಬೇರೆ, ಅದು ಸಂಸ್ಕೃತದಿಂದ ಬಂದದ್ದು. ಒಂದು ಅಪವಾದ ಇಟ್ಟರೆ ಮೂರು ವಿಷಯ ಹೊರಬರುತ್ತವೆ. ಇದನ್ನು ಮಾಡಿದ ಮೇಲೆ ಲ್ಯಾಟಿನ್ನಿನ ‘ಪ’ಗೆ ಇಂಗ್ಲಿಷ್‌ನಲ್ಲಿ ‘ಫ’ ಎದುರಾಗುವ, ಜರ್ಮನ್ ವಿದ್ವಾಂಸ ಗ್ರಿಮ್‌ನ ನಿಯಮ, ಪಾತೆರ್–ಫಾದರ್, ಪಿಸ್ಕಿಸ್–ಫಿಶ್, ಎಲ್ಲ ಸಲೀಸು. ಗ್ರಿಮ್‌ನಿಂದ ಶುರುಮಾಡಿದರೆ ಅದು ಯಾರದೋ ಮನೆಯ ವಂಶವೃಕ್ಷ.

ಹೀಗೆ ಹೇಳಿದ ಕೂಡಲೇ ಕೆಲವರು ‘ಹಾಗಾದರೆ ಎಲ್ಲ ಉದಾಹರಣೆಯೂ ಕನ್ನಡದ್ದೇ ಇರಲಿ’ ಅನ್ನುತ್ತಾರೆ. ಬೇಡ. ಅದೂ ಒಂದು ಬಗೆಯ ಒಣ ಪುಸ್ತಕವೇ. ನಮ್ಮ ಭಾಷೆಯಲ್ಲಿ ನಡೆಯುವುದೆಲ್ಲ ಸಹಜ, ಬೇರೆ ಭಾಷೆಯವು ವಿಚಿತ್ರ ಅನ್ನುವ ಮನಸ್ಸು ಹಾಗೇ ಗಟ್ಟಿಯಾಗುತ್ತದೆ. ನನಗೆ ಸ್ವಾಹಿಲಿ ಇಷ್ಟ. ನಿನಸೋಮ ಅಂದರೆ ನಾನು ಓದುತ್ತೇನೆ. ನಿಲಿಸೋಮ, ನಾನು ಓದಿದೆ. ನಿತಸೋಮ, ನಾನು ಓದುವೆನು. ಅನಸೋಮ, ಅವನೋ ಅವಳೋ ಓದುತ್ತಾರೆ. ಈಗ ‘ಅವಳು ಓದಿದಳು’ ಅನ್ನುವುದನ್ನು ನೀವೇ ಕಟ್ಟಿ. ಅಲಿಸೋಮ. ಒಂದು ಅಕ್ಷರ ಸ್ವಾಹಿಲಿ ಗೊತ್ತಿಲ್ಲದವರು ಎರಡು ನಿಮಿಷದಲ್ಲಿ ಸ್ವಾಹಿಲಿ ಕ್ರಿಯಾಪದ ಕಟ್ಟುತ್ತಾರೆ. ಮುಖದ ಮೇಲೆ ಬರುವ ಹೆಮ್ಮೆ ನೋಡಬೇಕು.

ಆಮೇಲೆ ಕನ್ನಡವನ್ನು ಪಕ್ಕದಲ್ಲಿಡಿ. ಓದು, ತ್ತ್, ಏನೆ. ಮೊದಲು ಕೆಲಸ, ಆಮೇಲೆ ಕಾಲ, ಕೊನೆಗೆ ಯಾರು. ಸ್ವಾಹಿಲಿಯಲ್ಲಿ ನಿ, ನ, ಸೋಮ. ಮೊದಲು ಯಾರು, ಆಮೇಲೆ ಕಾಲ, ಕೊನೆಗೆ ಕೆಲಸ. ಕನ್ನಡಿಯಲ್ಲಿ ನೋಡಿದ ಹಾಗೆ ಪೂರ್ತಿ ತಿರುಗುಮುರುಗು. ಕನ್ನಡದಲ್ಲಿ ‘ಏನೆ’ ಕೊನೆಗೇ ಬರಬೇಕು ಅನ್ನುವುದು ಪ್ರಕೃತಿ ನಿಯಮ ಅಲ್ಲ ಅಂತ ಆಗ ಹೊಳೆಯುತ್ತದೆ. ತನ್ನ ಭಾಷೆ ತನಗೆ ಕಾಣಿಸುವುದಕ್ಕೆ ಇನ್ನೊಂದು ಭಾಷೆ ಎದುರಿಗೆ ಬೇಕು.

ವಾಕ್ಯರಚನೆಯ ಅಧ್ಯಾಯದ ಬಗ್ಗೆ ಜಾಸ್ತಿ ಹೇಳಲಾರೆ, ಅದು ಹಾಳಾಗುವ ರೀತಿ ಒಂದೇ. ವಾಕ್ಯದ ಪದಗಳು ಹೇಗೆ ಗುಂಪಾಗಿವೆ ಅಂತ ತೋರಿಸುವ, ಕವಲೊಡೆದ ಮರದಂಥ ಚಿತ್ರ ಬಿಡಿಸುವುದು ಯಾಕೆ ಅಂತ ಹೇಳದೆಯೇ ಬಿಡಿಸಲು ಕಲಿಸುತ್ತಾರೆ. ‘ಸಣ್ಣ ಮಕ್ಕಳ ಕತೆ’ ಅಂತ ಬರೆದು, ಸಣ್ಣದು ಯಾವುದು, ಮಕ್ಕಳಾ ಕತೆಯಾ ಅಂತ ಕೇಳಿ. ಪದಗಳು ಅವೇ, ಕ್ರಮವೂ ಅದೇ, ಅರ್ಥ ಎರಡು. ಹಾಗಾದರೆ ಪದಗಳ ಸಾಲಿನಲ್ಲಿ ಕಾಣದ ಏನೋ ಒಂದು ಒಳಗೆ ಇದೆ. ಅದನ್ನು ತೋರಿಸಲು ಒಂದು ಚಿತ್ರ ಬೇಕು. ಇಷ್ಟು ಹೇಳಿದರೆ ಮರಕ್ಕೆ ಬೇರು ಸಿಕ್ಕಿತು.

ಇನ್ನು ಸಂಶೋಧನೆಗಳ ಕತೆ. ಇಲ್ಲಿ ಪಠ್ಯಪುಸ್ತಕಗಳು ಮಾಡುವ ಅನ್ಯಾಯ ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ‘ಸಾಮಾಜಿಕ ವರ್ಗಕ್ಕೆ ತಕ್ಕಂತೆ ಉಚ್ಚಾರಣೆ ಬದಲಾಗುತ್ತದೆಂದು ಲಬೋವ್ ತೋರಿಸಿದ್ದಾರೆ.’ ಮುಗಿಯಿತು, ಒಂದು ವಾಕ್ಯ. ಈಗ ನಡೆದದ್ದು ಕೇಳಿ. 1962ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ ನ್ಯೂಯಾರ್ಕ್‌ನ ಮೂರು ದೊಡ್ಡ ಅಂಗಡಿಗಳಿಗೆ ಹೋದರು. ಒಂದು ಸಿರಿವಂತರದ್ದು, ಒಂದು ಮಧ್ಯಮದವರದ್ದು, ಒಂದು ಕಡಿಮೆ ಬೆಲೆಯದ್ದು. ಕೆಲಸದವರನ್ನು ಕಂಡು, ನಾಲ್ಕನೇ ಮಹಡಿಯಲ್ಲಿ ಇದೆ ಅಂತ ಗೊತ್ತಿರುವ ವಸ್ತುವನ್ನೇ ಎಲ್ಲಿದೆ ಅಂತ ಕೇಳುವುದು. ಉತ್ತರ ‘ಫೋರ್ತ್ ಫ್ಲೋರ್’ ಬರಲೇಬೇಕು, ಅದರಲ್ಲಿ ಆ ಊರಿನ ಕೆಲವರು ಉಚ್ಚರಿಸುವ, ಕೆಲವರು ಬಿಟ್ಟುಬಿಡುವ ಎರಡು ‘ರ್’. ಆಮೇಲೆ ಕೇಳಿಸಲಿಲ್ಲ ಅನ್ನುವ ಹಾಗೆ ನಟಿಸುವುದು. ಅವರು ಇನ್ನೊಮ್ಮೆ, ಒತ್ತಿ, ಹುಷಾರಾಗಿ ಹೇಳುತ್ತಾರೆ. ಮತ್ತೆ ಎರಡು ‘ರ್’. ಪಕ್ಕಕ್ಕೆ ಹೋಗಿ ಚೀಟಿಯಲ್ಲಿ ಬರೆದುಕೊಳ್ಳುವುದು. ಹೀಗೆ 264 ಜನ. ಸಿರಿವಂತರ ಅಂಗಡಿಯಲ್ಲಿ ‘ರ್’ ಜಾಸ್ತಿ ಕೇಳಿಸಿತು, ಕಡಿಮೆ ಬೆಲೆಯ ಅಂಗಡಿಯಲ್ಲಿ ತೀರಾ ಕಡಿಮೆ.

ಇದರಲ್ಲಿ ಯಂತ್ರ ಇಲ್ಲ, ಹಣ ಇಲ್ಲ. ಕಿವಿ, ಚೀಟಿ, ಸ್ವಲ್ಪ ನಾಟಕ. ಈ ಕತೆಯನ್ನು ಪೂರ್ತಿ ಹೇಳಿದ ಪುಸ್ತಕ ಓದಿದ ವಿದ್ಯಾರ್ಥಿಗೆ ‘ನಾನೂ ಏನಾದರೂ ಮಾಡಬಹುದು’ ಅನಿಸುತ್ತದೆ. ಒಂದು ವಾಕ್ಯ ಓದಿದವರಿಗೆ ಲಬೋವ್ ಅನ್ನುವ ಹೆಸರು ಅಂಡರ್‌ಲೈನ್ ಮಾಡಬೇಕು ಅನಿಸುತ್ತದೆ ಅಷ್ಟೇ.

ಜೀನ್ ಬರ್ಕೋ 1958ರಲ್ಲಿ ಪ್ರಕಟಿಸಿದ ‘ವಗ್’ ಪರೀಕ್ಷೆಗೂ ಇದೇ ಗತಿ. ಮಕ್ಕಳಿಗೆ ಒಂದು ವಿಚಿತ್ರ ಹಕ್ಕಿಯ ಚಿತ್ರ ತೋರಿಸಿ, ‘ಇದು ವಗ್. ಈಗ ಇನ್ನೊಂದು ಬಂತು. ಎರಡು ಇವೆ. ಎರಡು...?’ ಅಂತ ಕೇಳಿದರು. ಮಕ್ಕಳು ‘ವಗ್ಸ್’ ಅಂದರು. ಎಂದೂ ಕೇಳದ ಪದಕ್ಕೆ ಬಹುವಚನ ಮಾಡಿದರು ಅಂದಮೇಲೆ ಬರೀ ಬಾಯಿಪಾಠ ಅಲ್ಲ, ಒಳಗೊಂದು ನಿಯಮ ಇದೆ. ಇಷ್ಟು ಎಲ್ಲ ಪುಸ್ತಕದಲ್ಲೂ ಬರುತ್ತದೆ. ಬಾರದ ಭಾಗ ನನಗೆ ಇನ್ನೂ ಇಷ್ಟ: ‘ಗ್ಲಾಸಸ್’ ಅಂತ ಸರಿಯಾಗಿ ಹೇಳುವ ಅವೇ ಮಕ್ಕಳಲ್ಲಿ ಹೆಚ್ಚಿನವರು ‘ಟ್ಯಾಸ್’ ಅನ್ನುವ ಹೊಸ ಪದಕ್ಕೆ ‘ಟ್ಯಾಸಸ್’ ಅನ್ನಲಾರದೆ ಹೋದರು. ಅಂದರೆ ಒಂದು ನಿಯಮ ಒಳಗೆ ಬಂದಿದೆ, ಅದರ ಪಕ್ಕದ್ದು ಇನ್ನೂ ಬಂದಿಲ್ಲ. ಅರ್ಧ ಕಲಿತ ಮನಸ್ಸು ಹೇಗಿರುತ್ತದೆ ಅಂತ ಕಾಣುವುದು ಅಲ್ಲಿ. ಅದನ್ನೇ ಕತ್ತರಿಸಿ ಹಾಕುತ್ತಾರೆ.

ತರಗತಿಯಲ್ಲಿ ನಾವು ಒಂದು ಕನ್ನಡ ಆವೃತ್ತಿ ಮಾಡಿದ್ದೇವೆ. ಬೋರ್ಡಿನ ಮೇಲೆ ಒಂದು ಗುಂಡು ಪ್ರಾಣಿ ಬರೆದು ‘ಇದು ಟಿಬ’ ಅನ್ನುವುದು. ಟಿಬಕ್ಕೆ ನೀರು ಕೊಡಬೇಕಾ, ಟಿಬನಿಗಾ? ಬಹುತೇಕ ಎಲ್ಲರೂ ಟಿಬಕ್ಕೆ ಅನ್ನುತ್ತಾರೆ. ಆಮೇಲೆ ಅದಕ್ಕೆ ಒಂದು ಟೋಪಿ, ಒಂದು ಮೀಸೆ ಬಿಡಿಸಿ ಮತ್ತೆ ಕೇಳುವುದು. ಟಿಬನಿಗೆ! ಒಂದು ಮೀಸೆಗೆ ವಿಭಕ್ತಿ ಪ್ರತ್ಯಯ ಬದಲಾಗುವುದನ್ನು ನೋಡಿದವರು ಆ ಪಾಠವನ್ನು ಮರೆಯುವುದು ಕಷ್ಟ.

ಒಂದು ಪುಸ್ತಕದಿಂದ ಇನ್ನೊಂದಕ್ಕೆ ಸುಮ್ನೆ ದಾಟಿಕೊಂಡು ಬರುವ ಸಂಗತಿಗಳೂ ಇವೆ. ಎಸ್ಕಿಮೊ ಜನರಿಗೆ ಹಿಮಕ್ಕೆ ಇಷ್ಟು ಪದ, ಅಷ್ಟು ಪದ ಅನ್ನುವುದು. 1911ರಲ್ಲಿ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ಕೊಟ್ಟದ್ದು ನಾಲ್ಕು ಉದಾಹರಣೆ. ಬಾಯಿಂದ ಬಾಯಿಗೆ, ಪುಸ್ತಕದಿಂದ ಪುಸ್ತಕಕ್ಕೆ ಹೋಗುತ್ತಾ ಆ ಸಂಖ್ಯೆ ಉಬ್ಬಿದ್ದನ್ನು 1986ರಲ್ಲಿ ಮಾನವಶಾಸ್ತ್ರಜ್ಞೆ ಲಾರಾ ಮಾರ್ಟಿನ್ ಹೆಜ್ಜೆ ಹೆಜ್ಜೆಯಾಗಿ ತೋರಿಸಿಕೊಟ್ಟರು. ಆದರೂ ಈ ಸಂಗತಿ ಸಾಯುವುದಿಲ್ಲ. ಒಂದು ಪುಸ್ತಕದಲ್ಲಿ ಇದನ್ನು ಕಂಡರೆ, ಬರೆದವರು ಉಳಿದದ್ದನ್ನೂ ಹೀಗೇ ಎಲ್ಲಿಂದಲೋ ಇಳಿಸಿಕೊಂಡಿರಬಹುದು ಅಂತ ನನಗೆ ಅನುಮಾನ ಶುರು. ಜಾಣ ಲೇಖಕರು ಇದನ್ನೇ ಪ್ರಶ್ನೆ ಮಾಡುತ್ತಾರೆ: ಒಂದು ಬುಡಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ ಸೇರಿಸಿ ವಾಕ್ಯದಷ್ಟು ಉದ್ದದ ಪದ ಕಟ್ಟುವ ಭಾಷೆಯಲ್ಲಿ ‘ಎಷ್ಟು ಪದ’ ಅಂತ ಎಣಿಸುವುದು ಹೇಗೆ? ಕನ್ನಡದ ‘ಮಾಡಿಸಿಕೊಳ್ಳಲಾರದವನಿಗೂ’ ಒಂದು ಪದವಾ?

ಇತಿಹಾಸದ ಅಧ್ಯಾಯಕ್ಕೂ ಒಂದು ಮಾತು ಇರಲಿ. ಆಧುನಿಕ ಭಾಷಾವಿಜ್ಞಾನಕ್ಕೆ ಬುನಾದಿ ಹಾಕಿದ ಸ್ವಿಸ್ ವಿದ್ವಾಂಸ ಸೊಸ್ಯೂರ್ ಬರೆದದ್ದು ಅನ್ನುವ ಪುಸ್ತಕ 1916ರಲ್ಲಿ ಬಂತು ಅಂತ ಎಲ್ಲರೂ ಬರೆಯುತ್ತಾರೆ. ಅವರು 1913ರಲ್ಲೇ ತೀರಿಕೊಂಡಿದ್ದರು, ಅದನ್ನು ಬಾಲಿ ಮತ್ತು ಸೆಶೆಯೆ ಎಂಬ ಇಬ್ಬರು ಸಹೋದ್ಯೋಗಿಗಳು ವಿದ್ಯಾರ್ಥಿಗಳ ನೋಟ್ಸ್ ಸೇರಿಸಿ ಕಟ್ಟಿದರು ಅನ್ನುವುದನ್ನು ಕೆಲವರು ಮಾತ್ರ ಬರೆಯುತ್ತಾರೆ. ನೋಟ್ಸ್ ಬರೆಯುವ ವಿದ್ಯಾರ್ಥಿಗಳಿಗೆ ಹೇಳಲೇಬೇಕಾದ ಸುದ್ದಿ ಇದು!

ಒಣ ಪುಸ್ತಕದ ಪರವಾಗಿಯೂ ಮಾತಾಡುವವರಿದ್ದಾರೆ. ಬಹಳ ಚುರುಕಾದ ಒಬ್ಬ ವಿದ್ಯಾರ್ಥಿನಿ ನನಗೆ ನೇರವಾಗಿ ಹೇಳಿದಳು: ‘ನಿಮ್ಮ ಇಷ್ಟದ ಪುಸ್ತಕದಲ್ಲಿ ಹುಡುಕಿದ್ದು ಸಿಗುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ನನಗೆ ಕೋಣದ ಜಗಳ ಬೇಡ, ವ್ಯಾಖ್ಯೆ ಬೇಕು.’ ಅವಳು ಹೇಳಿದ್ದರಲ್ಲಿ ನ್ಯಾಯ ಇದೆ. ಪರೀಕ್ಷೆಯಲ್ಲಿ ‘ಟಿಪ್ಪಣಿ ಬರೆಯಿರಿ’ ಅಂತಲೇ ಕೇಳುವವರೆಗೂ ಟಿಪ್ಪಣಿ ಬರೆಯಿಸುವ ಪುಸ್ತಕಗಳೇ ಮಾರಾಟವಾಗುತ್ತವೆ. ಲೇಖಕರನ್ನು ಮಾತ್ರ ಬೈದು ಪ್ರಯೋಜನ ಇಲ್ಲ. ಪ್ರಶ್ನೆಪತ್ರಿಕೆ ತೆಗೆಯುವವರು ಒಂದು ಪ್ರಶ್ನೆಯನ್ನಾದರೂ ಹತ್ತು ಅಪರಿಚಿತ ಪದ ಕೊಟ್ಟು ಬಿಡಿಸಿ ಅಂತ ಹಾಕಿದರೆ, ಎರಡು ವರ್ಷದಲ್ಲಿ ಪುಸ್ತಕಗಳು ತಾವಾಗೇ ತಿದ್ದಿಕೊಳ್ಳುತ್ತವೆ ಅಂತ ನನ್ನ ಅಂದಾಜು. ಚೆನ್ನಾಗಿರುವ ಪುಸ್ತಕಕ್ಕೂ ಹಿಂದುಗಡೆ ಒಂದು ಪದಕೋಶ, ಸರಿಯಾದ ಪದಸೂಚಿ ಇರಲೇಬೇಕು. ರಸವತ್ತಾಗಿ ಬರೆದಿದ್ದೇನೆ, ಹುಡುಕಿಕೊಳ್ಳಿ ಅನ್ನುವುದು ಅಹಂಕಾರ.

ಉತ್ತರಗಳನ್ನು ಕೊನೆಯಲ್ಲಿ ಕೊಡಬೇಕಾ ಅನ್ನುವುದು ಇನ್ನೊಂದು ತಕರಾರು. ಕೊಡಬೇಕು ಅನ್ನುವ ಕಡೆ ನಾನು, ಆದರೆ ಎಲ್ಲಕ್ಕೂ ಅಲ್ಲ. ಒಬ್ಬರೇ ಕೂತು ಓದುವವರಿಗೆ ತಾವು ಸರಿದಾರಿಯಲ್ಲಿ ಇದ್ದೇವಾ ಅಂತ ತಿಳಿಯುವುದು ಬೇಡವೇ? ಅರ್ಧದಷ್ಟಕ್ಕೆ ಉತ್ತರ ಕೊಡಿ. ಕೊಡುವಾಗ ನಿಯಮ ಮಾತ್ರ ಕೊಡಬೇಡಿ, ಅದಕ್ಕೆ ತಲುಪಿದ್ದು ಹೇಗೆ, ನಡುವೆ ಯಾವ ಊಹೆ ಕೈಬಿಡಬೇಕಾಯಿತು ಅಂತಲೂ ಬರೆಯಿರಿ. ಇದಕ್ಕೆ ಪುಟ ಜಾಸ್ತಿ ಬೇಕು. ಮೊದಲ ಅಧ್ಯಾಯದ ವ್ಯಾಖ್ಯೆಗಳನ್ನು ತೆಗೆದರೆ ಪುಟ ಸಿಗುತ್ತದೆ.

ಕೈಯಲ್ಲಿ ಒಣ ಪುಸ್ತಕವೇ ಇದೆ, ಅದೇ ಪಠ್ಯ, ಬೇರೆ ದಾರಿ ಇಲ್ಲ ಅನ್ನುವವರು ಪದರಚನೆಯ ಅಧ್ಯಾಯದಿಂದ ಶುರು ಮಾಡಿ. ಅದಕ್ಕೆ ಧ್ವನಿಗಳನ್ನು ಬರೆಯುವ ಹೊಸ ಲಿಪಿ ಕಲಿಯಬೇಕಿಲ್ಲ, ಚಿತ್ರ ಬಿಡಿಸಬೇಕಿಲ್ಲ. ಪುಸ್ತಕ ಒಂದು ನಿಯಮ ಹೇಳಿದ ಕಡೆಯೆಲ್ಲ ಅದಕ್ಕೆ ಕೂರದ ಒಂದು ಪದ ಹುಡುಕಿ ಅಂಚಿನಲ್ಲಿ ಬರೆಯಿರಿ. ಪುಸ್ತಕ–ಗಿಸ್ತಕ, ಮನೆ–ಗಿನೆ, ಹಾವು–ಗೀವು ಅನ್ನುವ ಜೋಡಿಪದಗಳಿಂದ ಮೊದಲ ನಿಯಮ ನೀವೇ ಬರೆಯಬಹುದು. ಬರೆದ ಮೇಲೆ ‘ಗಿಡ’, ‘ಗೀಟು’ ಇವಕ್ಕೆ ಜೋಡಿ ಏನು ಅಂತ ನಾಲ್ಕು ಜನರನ್ನು ಕೇಳಿ ನೋಡಿ. ನಾಲ್ವರೂ ಒಂದೇ ಉತ್ತರ ಕೊಡುತ್ತಾರಾ ಅಂತ ಬರೆದಿಟ್ಟುಕೊಳ್ಳಿ.